ಗುಜರಿಯಿಂದ ಎದ್ದು ಹಾರಿದ ಬಾಂಬರ್: ಬೆಂಗಳೂರಿನ ಫಿಟ್ಟರ್‌ಗಳು ಕಟ್ಟಿದ ಲಿಬರೇಟರ್ ಪಡೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಕಥೆ ಎರಡನೇ ಮಹಾಯುದ್ಧದ ಒಂದು ದೊಡ್ಡ ಬಾಂಬರ್ ವಿಮಾನದ್ದು. ಆದರೆ ಅದನ್ನ ನಾನು ನಮ್ಮ ತ್ಯಾವಣಿಗೆಯಿಂದಲೇ ಶುರು ಮಾಡ್ತೀನಿ. ಚನ್ನಗಿರಿ ತಾಲೂಕಿನ ಈ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ, ಬೇಸಿಗೆ ಬಂತು ಅಂದ್ರೆ ಇಲ್ಲಿ ಯಾವ ಅಂಗಡಿ ಮುಂದೆ ಜನ ಜಾಸ್ತಿ ಅಂತ. ಮೋಟಾರ್ ವೈಂಡಿಂಗ್ ಅಂಗಡಿ ಮುಂದೆ! ಅಡಿಕೆ ಗಿಡ ಒಣಗ್ತಾ ಇರುತ್ತೆ, ಬೋರಿನ ಮೋಟಾರ್ ಸುಟ್ಟಿರುತ್ತೆ, ಹೊಸದು ತರೋಕೆ ಕೈಯಲ್ಲಿ ದುಡ್ಡಿರಲ್ಲ. ಅಂಗಡಿಯವನು ಬಿಚ್ಚಿ ನೋಡ್ತಾನೆ. "ಇದ್ರಾಗೆ ಶಾಫ್ಟ್ ಚೆನ್ನಾಗೈತಣ್ಣ, ಬುಷ್ ಹೋಗೈತಿ. ಆ ಮೂಲೆಯಾಗಿರೋ ಹಳೇ ಮೋಟಾರಿನ ಬಾಡಿ ಹಾಕಿ ಕೊಡ್ತೀನಿ, ನಾಳೆ ಬಾ" ಅಂತಾನೆ. ಮಾರನೇ ದಿನ ಮೂರು ಕೆಟ್ಟ ಮೋಟಾರಿಂದ ಓಡೋ ಒಂದು ಮೋಟಾರ್ ರೆಡಿ.

ಇದೇ ಕೆಲಸವನ್ನ ಒಂದು ದೇಶ ತನ್ನ ವಾಯುಪಡೆಗೆ ಮಾಡ್ತು ಅಂದ್ರೆ ನಂಬ್ತೀರಾ? ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ಪಡೆ ಯಾವ ದೇಶದಿಂದಲೂ ಕೊಂಡು ತಂದದ್ದಲ್ಲ. ಬೇರೆಯವರು ಕೆಡಿಸಿ, ಬಿಸಾಡಿ ಹೋದ ವಿಮಾನಗಳಿಂದ ಎದ್ದದ್ದು. ಎಬ್ಬಿಸಿದ್ದು ನಮ್ಮ ಬೆಂಗಳೂರಿನ ಕೆಲಸಗಾರರು.

ಮೊದಲು ವಿಮಾನದ ಪರಿಚಯ

ಹೆಸರು ಬಿ-24 ಲಿಬರೇಟರ್. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ವಿನ್ಯಾಸ. ಒಂದು ರೆಕ್ಕೆ ತುದಿಯಿಂದ ಇನ್ನೊಂದು ರೆಕ್ಕೆ ತುದಿಗೆ 110 ಅಡಿ. ಅಂದ್ರೆ ಮೂರು ಕೆಎಸ್ಆರ್‌ಟಿಸಿ ಬಸ್ಸನ್ನ ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ನಾಲ್ಕು ಎಂಜಿನ್, ಒಂದೊಂದೂ 1,200 ಅಶ್ವಶಕ್ತಿ. ಒಟ್ಟು 4,800. ನಮ್ಮೂರ ಗದ್ದೆಯಲ್ಲಿ ಓಡೋ ಟ್ರ್ಯಾಕ್ಟರ್ ಲೆಕ್ಕಕ್ಕೆ ತಗೊಂಡ್ರೆ ಹೆಚ್ಚುಕಮ್ಮಿ ನೂರು ಟ್ರ್ಯಾಕ್ಟರಿನ ಶಕ್ತಿ. ಹಿಂದೆ ಜೋಡಿ ಬಾಲ. ಒಳಗೆ ಸುಮಾರು ಹತ್ತು ಜನ ಸಿಬ್ಬಂದಿ: ಇಬ್ಬರು ಪೈಲಟ್, ದಾರಿ ಲೆಕ್ಕ ಹಾಕುವವನು, ಬಾಂಬ್ ಗುರಿ ಇಡುವವನು, ರೇಡಿಯೋದವನು, ಉಳಿದವರು ಮೆಷಿನ್ ಗನ್ ಹಿಡಿದು ಕೂರುವವರು.

ಈ ವಿಮಾನದ ದೊಡ್ಡ ಗುಣ ಅಂದ್ರೆ ದೂರ ಹೋಗೋದು. ಉದ್ದನೆಯ, ಸಪೂರ ರೆಕ್ಕೆ ಇದ್ದಿದ್ದರಿಂದ ಇಂಧನ ಕಮ್ಮಿ ಕುಡಿದು ಹೆಚ್ಚು ದೂರ ಹಾರ್ತಿತ್ತು. ಸಮುದ್ರದ ಮಧ್ಯೆ ಹೋಗಿ ಜಲಾಂತರ್ಗಾಮಿ ಹುಡುಕಿ ವಾಪಸ್ ಬರೋ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಯುದ್ಧದ ಕಾಲದಲ್ಲಿ ಇಂಥವು 18,000ಕ್ಕೂ ಹೆಚ್ಚು ತಯಾರಾದವು. ಅಮೆರಿಕದ ಮಿಚಿಗನ್ ರಾಜ್ಯದ ವಿಲ್ಲೋ ರನ್ ಅನ್ನೋ ಜಾಗದಲ್ಲಿ ಫೋರ್ಡ್ ಕಂಪನಿ ಕಾರು ಮಾಡಿದ ಹಾಗೆ ಇದನ್ನ ಸಾಲಾಗಿ ಮಾಡ್ತಿತ್ತು. ಕೆಲಸ ಜೋರಾಗಿದ್ದಾಗ ಗಂಟೆಗೊಂದು ವಿಮಾನ ಹೊರಗೆ ಬರ್ತಿತ್ತು!

ಈಗ ಪ್ರಶ್ನೆ. ಗಂಟೆಗೊಂದು ವಿಮಾನ ಮಾಡೋ ಕಾರ್ಖಾನೆ ಅಲ್ಲಿ ಅಮೆರಿಕದಲ್ಲಿ. ನಮ್ಮಲ್ಲಿ ಆಗ ಕಾರೂ ತಯಾರಾಗ್ತಿರಲಿಲ್ಲ. ಹಾಗಿದ್ದ ಮೇಲೆ ಇದನ್ನ ರಿಪೇರಿ ಮಾಡೋ ಕೈಗಳು ಬೆಂಗಳೂರಲ್ಲಿ ಎಲ್ಲಿಂದ ಬಂದವು?

ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದದ್ದು

1939ರಲ್ಲಿ ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಪೆಸಿಫಿಕ್ ಸಾಗರದ ಮೇಲೆ ವಿಮಾನದಲ್ಲಿ ಪ್ರಯಾಣ ಮಾಡ್ತಿದ್ರು. ಅದೇ ಪ್ರಯಾಣದಲ್ಲಿ ವಿಲಿಯಂ ಪಾಲಿ ಅನ್ನೋ ಅಮೆರಿಕನ್ ಸಿಕ್ಕ. ಆತ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸ್ತಿದ್ದವನು. ಮಾತಿಗೆ ಮಾತು ಬೆಳೀತು. ಚೀನಾದಲ್ಲಿ ಆಗೋದು ಭಾರತದಲ್ಲಿ ಯಾಕಾಗಬಾರದು ಅನ್ನೋದು ವಾಲ್‌ಚಂದ್ ತಲೆಯಲ್ಲಿ ಕೂತುಬಿಡ್ತು.

ಜಾಗ ಎಲ್ಲಿ? ಕೈ ಚಾಚಿದ್ದು ಮೈಸೂರು ಸಂಸ್ಥಾನ. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ 700 ಎಕರೆ ಜಮೀನು ಕೊಟ್ಟು, 25 ಲಕ್ಷ ರೂಪಾಯಿ ಬಂಡವಾಳಾನೂ ಹಾಕ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಬೆಂಗಳೂರಿನಲ್ಲಿ ನೋಂದಣಿ ಆಯ್ತು. ನಾವೀಗ ಎಚ್‌ಎಎಲ್ ಅಂತೀವಲ್ಲ, ಅದರ ಹುಟ್ಟು ಇದು.

ಮೈಸೂರೇ ಯಾಕೆ ಅನ್ನೋದಕ್ಕೆ ಉತ್ತರ ನಮ್ಮ ಪಕ್ಕದಲ್ಲೂ ಇದೆ. ಚನ್ನಗಿರಿ ದಾಟಿ ಹೋದ್ರೆ ಭದ್ರಾವತಿ ಸಿಗುತ್ತಲ್ಲ, ಅಲ್ಲಿ 1923ರಿಂದಲೇ ಕಬ್ಬಿಣದ ಕುಲುಮೆ ಉರೀತಿತ್ತು. ಮಲೆನಾಡಿನ ಕಾಡಿನ ಇದ್ದಿಲು ಹಾಕಿ ಕಬ್ಬಿಣ ಕರಗಿಸ್ತಿದ್ರು. ವಿಶ್ವೇಶ್ವರಯ್ಯನವರು ಮುಂದೆ ನಿಂತು ನಡೆಸಿದ ಕಾರ್ಖಾನೆ ಅದು. 1930ರ ದಶಕದಲ್ಲಿ ಉಕ್ಕೂ ಬಂತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು. ಬೆಂಗಳೂರಲ್ಲಿ 1909ರಲ್ಲಿ ಹುಟ್ಟಿದ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆ. ವಿಮಾನ ಕಾರ್ಖಾನೆ ಬರೋ ಹೊತ್ತಿಗೆ ಕಬ್ಬಿಣ, ಕರೆಂಟು, ಕಲಿಕೆ ಮೂರೂ ಈ ನೆಲದಲ್ಲಿ ಆಗಲೇ ಬೇರು ಬಿಟ್ಟಿದ್ದವು.

1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಮೊದಲ ವಿಮಾನ, ಹಾರ್ಲೋ ಅನ್ನೋ ತರಬೇತಿ ವಿಮಾನ, ಹಾರ್ತು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ. ಬಿಡಿಭಾಗ ಅಮೆರಿಕದ್ದು, ಜೋಡಣೆ ಬೆಂಗಳೂರಿನದ್ದು.

ಯುದ್ಧ ಬಾಗಿಲಿಗೆ ಬಂದಾಗ

ಅಷ್ಟರಲ್ಲಿ ಪರಿಸ್ಥಿತಿ ಕೆಡ್ತು. 1942ರ ಏಪ್ರಿಲ್ 5ರಂದು ಜಪಾನ್ ಕೊಲಂಬೊ ಮೇಲೆ ಬಾಂಬ್ ಹಾಕ್ತು. ಮರುದಿನ ವಿಶಾಖಪಟ್ಟಣ, ಕಾಕಿನಾಡ. ಬೆಂಗಳೂರು ಅಲ್ಲಿಂದ ಎಷ್ಟು ದೂರ ಹೇಳಿ! ಅದೇ ತಿಂಗಳು ಬ್ರಿಟಿಷ್ ಭಾರತ ಸರ್ಕಾರ ವಾಲ್‌ಚಂದ್ ಪಾಲನ್ನ ಕೊಂಡು ಕಾರ್ಖಾನೆಯ ಆಡಳಿತ ತನ್ನ ಕೈಗೆ ತಗೊಳ್ತು. 1943ರಲ್ಲಿ ಅದನ್ನ ಅಮೆರಿಕದ ವಾಯುಪಡೆಗೆ ಒಪ್ಪಿಸ್ತು.

ಅಮೆರಿಕದವರಿಗೆ ಇಲ್ಲಿ ಹೊಸ ವಿಮಾನ ಮಾಡೋದು ಬೇಕಿರಲಿಲ್ಲ, ಅದಕ್ಕೆ ಅವರ ದೇಶದಲ್ಲೇ ಬೇಕಾದಷ್ಟು ಕಾರ್ಖಾನೆ ಇತ್ತಲ್ಲ. ಅವರಿಗೆ ಬೇಕಿದ್ದದ್ದು ರಿಪೇರಿ. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಹೊರುವ ವಿಮಾನಗಳು, ಬರ್ಮಾ ಗಡಿಯಲ್ಲಿ ಕಾದಾಡೋ ವಿಮಾನಗಳು ದಿನಾ ಸವೆದು, ಪೆಟ್ಟು ತಿಂದು ಬರ್ತಿದ್ದವು. ಹಾಗಾಗಿ ಬೆಂಗಳೂರು ದೊಡ್ಡ ಗ್ಯಾರೇಜ್ ಆಯ್ತು. ಡಕೋಟಾ ಸಾಗಣೆ ವಿಮಾನ, ಮಿಚೆಲ್ ಬಾಂಬರ್, ನೀರಿನ ಮೇಲೆ ಇಳಿಯೋ ಕ್ಯಾಟಲೀನಾ, ಎಲ್ಲ ಇಲ್ಲಿಗೆ. ಬೆಳ್ಳಂದೂರು ಕೆರೆ ಅಂದ್ರೆ ಈಗ ನಿಮಗೆ ನೊರೆ, ಟ್ರಾಫಿಕ್ಕು, ಐಟಿ ಕಂಪನಿ ನೆನಪಾಗುತ್ತೆ. ಆಗ ಆ ಕೆರೆ ನೀರಿನ ಮೇಲೆ ಕ್ಯಾಟಲೀನಾ ವಿಮಾನ ಇಳೀತಿದ್ದವು.

ಇಲ್ಲಿ ಒಂದು ವಿಷಯ ಗಮನಿಸಿ. ಡಕೋಟಾಗೆ, ಕ್ಯಾಟಲೀನಾಗೆ, ನಮ್ಮ ಕಥೆಯ ಲಿಬರೇಟರ್‌ಗೆ ಹಾಕಿದ್ದು ಒಂದೇ ಮನೆತನದ ಎಂಜಿನ್: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್. ಹದಿನಾಲ್ಕು ಸಿಲಿಂಡರ್, ಎರಡು ಸಾಲಿನಲ್ಲಿ ಚಕ್ರದ ಹಾಗೆ ಸುತ್ತ ಜೋಡಿಸಿರ್ತಾರೆ. ಎರಡು ಮೂರು ವರ್ಷ ಹಗಲೂ ರಾತ್ರಿ ಅದನ್ನೇ ಬಿಚ್ಚಿ, ತೊಳೆದು, ಅಳತೆ ನೋಡಿ, ಮತ್ತೆ ಕಟ್ಟಿದ ಕೈಗೆ ಅದರ ನಾಡಿ ಸಿಗದೇ ಇರುತ್ತಾ? ಯುದ್ಧ ಮುಗಿದ ಮೇಲೆ ಅಮೆರಿಕದವರು ಹೊರಟರು. ಆ ಕೈಗಳು ಮಾತ್ರ ಬೆಂಗಳೂರಲ್ಲೇ ಉಳಿದವು.

ಕಾನ್ಪುರದ ವಿಮಾನ ಮಸಣ

ಈಗ ಉತ್ತರಕ್ಕೆ, ಕಾನ್ಪುರಕ್ಕೆ ಹೋಗೋಣ. ಬ್ರಿಟಿಷ್ ವಾಯುಪಡೆ ಬರ್ಮಾ ಯುದ್ಧಕ್ಕೆ ಬಳಸಿದ್ದ ಲಿಬರೇಟರ್‌ಗಳು ಅವರ ಸ್ವಂತದ್ದಲ್ಲ. 1941ರಲ್ಲಿ ಅಮೆರಿಕ ಲೆಂಡ್-ಲೀಸ್ ಅಂತ ಒಂದು ಕಾಯಿದೆ ಮಾಡಿ, ಮಿತ್ರದೇಶಗಳಿಗೆ ಯುದ್ಧ ಸಾಮಗ್ರಿ ಕೊಟ್ಟಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎತ್ತು ಕಡ ಕೊಟ್ಟ ಹಾಗೆ. ಉಳುಮೆ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲಾಂದ್ರೆ ಕಾಸು ಕೊಟ್ಟು ಇಟ್ಕೋಬೇಕು.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯ್ತು. ಬ್ರಿಟನ್ ಖಜಾನೆ ಖಾಲಿ. ಅಮೆರಿಕದಲ್ಲೇ ಸಾವಿರಾರು ಬಾಂಬರ್ ಬೇಡವಾಗಿ ನಿಂತಿದ್ದವು, ಅವರಿಗೂ ವಾಪಸ್ ಬೇಡ. ಬೇರೆ ಯಾರೂ ಬಳಸಬಾರದು, ಅಷ್ಟೇ. ಹಾಗಾಗಿ ಕಾನ್ಪುರದ ಚಕೇರಿ ವಿಮಾನ ನೆಲೆಯಲ್ಲಿ ಲಿಬರೇಟರ್‌ಗಳನ್ನ ಸಾಲಾಗಿ ನಿಲ್ಲಿಸಿ, ಮತ್ತೆ ಹಾರದ ಹಾಗೆ ಕೆಡಿಸಿದ್ರು. ಭಾರವಾದ ವಾಹನ ಗುದ್ದಿಸಿದ್ರು, ಒಳಗಿನ ಉಪಕರಣ ಒಡೆದ್ರು, ಎಂಜಿನ್ನಿಗೆ ಮರಳು ಹಾಕಿದ್ರು ಅಂತ ವಾಯುಪಡೆಯವರ ನೆನಪಿನ ಬರಹಗಳಲ್ಲಿ ಬರುತ್ತೆ. ಆಮೇಲೆ ಎರಡು ಮೂರು ಮಳೆಗಾಲ ಅವುಗಳ ಮೇಲೆ ಸುರೀತು.

1947ರಲ್ಲಿ ದೇಶ ಸ್ವತಂತ್ರ ಆಯ್ತು, ಒಡೆದೂ ಹೋಯ್ತು. ಮೇಜು ಕುರ್ಚಿಯಿಂದ ಹಿಡಿದು ವಿಮಾನದ ತನಕ ಎಲ್ಲ ಭಾರತ, ಪಾಕಿಸ್ತಾನಕ್ಕೆ ಪಾಲಾದವು. ಅದೇ ಅಕ್ಟೋಬರ್‌ಗೆ ಕಾಶ್ಮೀರದಲ್ಲಿ ಯುದ್ಧ. ನಮ್ಮ ವಾಯುಪಡೆ ಹತ್ತಿರ ಭಾರೀ ಬಾಂಬರ್ ಒಂದೂ ಇರಲಿಲ್ಲ. ಡಕೋಟಾ ಸಾಗಣೆ ವಿಮಾನದ ಬಾಗಿಲಿಂದ ಕೈಯಲ್ಲಿ ಬಾಂಬು ಉರುಳಿಸೋ ಪರಿಸ್ಥಿತಿ. ಹೊರಗಿಂದ ಕೊಳ್ಳೋಕೆ ವಿದೇಶಿ ಹಣ ಇಲ್ಲ. ಇದ್ರೂ ಯುದ್ಧದಲ್ಲಿರೋ ಹೊಸ ದೇಶಕ್ಕೆ ಬಾಂಬರ್ ಮಾರೋಕೆ ಯಾರು ಮುಂದೆ ಬರ್ತಾರೆ?

ಆಗ ಕಣ್ಣು ಬಿದ್ದದ್ದು ಕಾನ್ಪುರದ ಆ ರಾಶಿ ಮೇಲೆ. 1948ರಲ್ಲಿ ಎಚ್‌ಎಎಲ್‌ಗೆ ಕೇಳಿದ್ರು: ಇವನ್ನ ಹಾರಿಸೋಕಾಗುತ್ತಾ?

ಹೇಗೆ ಮಾಡಿದ್ರು?

ಕ್ರಮ ಅದೇ, ನಮ್ಮ ಮೋಟಾರ್ ಅಂಗಡಿಯದ್ದು. ಮೊದಲು ಪೂರ್ತಿ ಸಾಲು ನೋಡಿ ಯಾವುದರ ಮೈ ನೆಟ್ಟಗಿದೆ ಅಂತ ಆರಿಸೋದು. ಆಮೇಲೆ ಒಂದರ ಬಾಲ, ಇನ್ನೊಂದರ ಚಕ್ರ, ಮತ್ತೊಂದರ ಎಂಜಿನ್ ಬಿಚ್ಚಿ ಅದಕ್ಕೆ ತಂದು ಹಾಕೋದು. ಆದ್ರೆ ಎಲ್ಲಾ ಕೆಲಸ ಕಾನ್ಪುರದಲ್ಲೇ ಮಾಡೋಕಾಗಲ್ಲ. ಸರಿಯಾದ ಉಪಕರಣ, ಪರೀಕ್ಷೆ ಮಾಡೋ ಬೆಂಚು, ತಗಡು ಬಗ್ಗಿಸೋ ಯಂತ್ರ ಎಲ್ಲ ಬೆಂಗಳೂರಲ್ಲಿದೆ. 110 ಅಡಿ ರೆಕ್ಕೆಯ ವಿಮಾನವನ್ನ ಲಾರಿಯಲ್ಲಿ ತರೋ ಹಾಗೂ ಇಲ್ಲ.

ಉಳಿದ ದಾರಿ ಒಂದೇ. ಅಲ್ಲೇ ಹಾರೋ ಮಟ್ಟಕ್ಕೆ ತೇಪೆ ಹಾಕಿ, ಹಾರಿಸ್ಕೊಂಡೇ ಬೆಂಗಳೂರಿಗೆ ತರೋದು. ಸುಮಾರು ಸಾವಿರದ ಐನೂರು ಕಿಲೋಮೀಟರ್!

ಇಲ್ಲಿ ಒಬ್ಬರ ಹೆಸರು ನೆನಪಿಡಿ: ಜಮ್‌ಶೆಡ್ ಮುನ್ಶಿ, ಎಚ್‌ಎಎಲ್‌ನ ಪರೀಕ್ಷಾ ಪೈಲಟ್. ಅದಕ್ಕೂ ಮುಂಚೆ ಅವರು ಲಿಬರೇಟರ್ ಹಾರಿಸಿದವರಲ್ಲ. ಕೈಪಿಡಿ ಓದಿ ಕಲಿತರು. ನೆಟ್ಟಗೆ ಹತ್ತು ಜನ ಬೇಕಾದ ವಿಮಾನದಲ್ಲಿ ಬೆರಳೆಣಿಕೆ ಜನ ಇಟ್ಕೊಂಡು ಒಂದಾದ ಮೇಲೆ ಒಂದು ಹಾರಿಸಿ ತಂದರು. ಮೊನ್ನೆಯ ತನಕ ಗುಜರಿ ರಾಶಿಯಲ್ಲಿದ್ದ ಯಂತ್ರ ಅದು. ನಾಲ್ಕು ಎಂಜಿನ್ನಿನ ಆಯಸ್ಸು ಎಷ್ಟಿದೆ ಅಂತ ಎಂಜಿನ್ನಿಗೇ ಗೊತ್ತು. ಒಳಗೆ ಕೂತು ವಿಂಧ್ಯ ದಾಟಿ ದಕ್ಕನ್ ಮೇಲೆ ಬರೋದಿದ್ಯಲ್ಲ, ಅದಕ್ಕೆ ಎರಡು ನಂಬಿಕೆ ಬೇಕು. ಒಂದು ತನ್ನ ಕೈ ಮೇಲೆ. ಇನ್ನೊಂದು, ಆ ಬೋಲ್ಟು ಬಿಗಿ ಮಾಡಿದ ಫಿಟ್ಟರ್ ಕೈ ಮೇಲೆ.

ಬೆಂಗಳೂರಿಗೆ ಬಂದ ಮೇಲೆ ನಿಜವಾದ ಕೆಲಸ. ವಿಮಾನದ ಮೈ ಅಲ್ಯುಮಿನಿಯಂ ಮಿಶ್ರಲೋಹದ ತಗಡು. ಒಂದೊಂದು ತಗಡನ್ನೂ ರಿವೆಟ್ ಹೊಡೆದು ಕೂರಿಸಿರ್ತಾರೆ. ಎಲ್ಲಿ ಬಿರುಕಿದೆ, ಎಲ್ಲಿ ತುಕ್ಕು ಒಳಗಿಂದ ತಿಂದಿದೆ ಅಂತ ಹುಡುಕಬೇಕು. ಚಕ್ರ ಮಡಚೋಕೆ, ಬಾಂಬ್ ಬಾಗಿಲು ತೆರೆಯೋಕೆ ಎಣ್ಣೆಯ ಒತ್ತಡದ ಕೊಳವೆಗಳು ಮೈ ತುಂಬಾ ಹರಡಿರುತ್ತವೆ. ಒಂದು ಕಡೆ ಸೋರಿದ್ರೂ ಇಳಿಯೋವಾಗ ಚಕ್ರ ಕೆಳಗೆ ಬರದೇ ಹೋಗಬಹುದು. ಮೋಟಾರ್ ಅಂಗಡಿಯಲ್ಲಿ ಕೆಲಸ ಕೆಟ್ರೆ ಮೋಟಾರ್ ಮತ್ತೆ ಸುಡುತ್ತೆ, ಬೈಸ್ಕೋತೀವಿ. ಇಲ್ಲಿ ಕೆಟ್ರೆ ಹತ್ತು ಜನರ ಜೀವ.

1948ರ ನವೆಂಬರ್‌ನಲ್ಲಿ, ಹೀಗೆ ಎದ್ದ ಮೊದಲ ಲಿಬರೇಟರ್‌ಗಳಿಂದ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಎಲ್ಲಿ ಗೊತ್ತಾ? ಅದೇ ಕಾನ್ಪುರದಲ್ಲಿ! ಮಸಣ ಆಗಿದ್ದ ಜಾಗವೇ ತೊಟ್ಟಿಲೂ ಆಯ್ತು. ಮುಂದೆ ಎಚ್‌ಎಎಲ್ ಒಟ್ಟು ನಲವತ್ತರ ಆಸುಪಾಸು ಲಿಬರೇಟರ್‌ಗಳನ್ನ ಹಾರೋ ಹಾಗೆ ಮಾಡ್ತು.

ಇಪ್ಪತ್ತು ವರ್ಷದ ಸೇವೆ

5ನೇ ಸ್ಕ್ವಾಡ್ರನ್ 1957ರಲ್ಲಿ ಕ್ಯಾನ್‌ಬೆರಾ ಜೆಟ್ ಬಾಂಬರ್‌ಗೆ ಬದಲಾಯ್ತು. ಲಿಬರೇಟರ್ ಮಾತ್ರ ನಿವೃತ್ತಿ ಆಗಲಿಲ್ಲ. ಸಮುದ್ರ ಕಾಯೋ 6ನೇ ಸ್ಕ್ವಾಡ್ರನ್‌ನಲ್ಲಿ ಅದರ ಕೆಲಸ ಮುಂದುವರೀತು. ದೂರ ಹಾರೋ ಗುಣ ಇತ್ತು ಅಂತ ಹೇಳಿದ್ನಲ್ಲ, ಅದು ಅರಬ್ಬೀ ಸಮುದ್ರದ ಮೇಲೆ ಕೆಲಸಕ್ಕೆ ಬಂತು. 1968ರ ಕೊನೆಗೆ ಕೆಲಸದಿಂದ ಇಳಿಸಿದ್ರು. ಅಷ್ಟು ಹೊತ್ತಿಗೆ ಪ್ರಪಂಚದ ಬೇರೆ ವಾಯುಪಡೆಗಳು ಬಿ-24ನ್ನ ಬಿಟ್ಟಾಗಿತ್ತು.

ಕಥೆಯ ತಮಾಷೆ ಇರೋದು ಇಲ್ಲಿ. ಅಮೆರಿಕದಲ್ಲಿ 18,000 ಮಾಡಿದ್ರಲ್ಲ, ಯುದ್ಧ ಮುಗಿದ ಮೇಲೆ ಹೆಚ್ಚು ಕಡಿಮೆ ಎಲ್ಲವನ್ನೂ ಕರಗಿಸಿಬಿಟ್ಟಿದ್ರು. ಮ್ಯೂಸಿಯಂಗೆ ಇಡೋಣ ಅಂತ ಹುಡುಕಿದಾಗ ಅವರ ಬಳಿ ಉಳಿದಿದ್ದದ್ದು ತೀರಾ ಕಮ್ಮಿ! ಭಾರತದಲ್ಲಿ ಇನ್ನೂ ಇದ್ದವು. ಕೆನಡಾದವರು ತಮ್ಮ ಹತ್ತಿರ ಇದ್ದ ಲೈಸಾಂಡರ್ ಅನ್ನೋ ಹಳೇ ವಿಮಾನ ಕೊಟ್ಟು ಬದಲಿಗೆ ಲಿಬರೇಟರ್ ತಗೊಂಡು ಹೋದ್ರು. 1969ರಲ್ಲಿ ಇನ್ನೊಂದು ಅಮೆರಿಕಕ್ಕೆ ಹಾರ್ತು, ಈಗ ಅರಿಝೋನಾದ ಪೀಮಾ ಮ್ಯೂಸಿಯಂನಲ್ಲಿದೆ. 1974ರಲ್ಲಿ ಭಾರತೀಯ ವಾಯುಪಡೆ ಒಂದನ್ನ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂಗೆ ಉಡುಗೊರೆ ಕೊಡ್ತು. ಯಾರು ಕೆಡಿಸಿ ಹೋಗಿದ್ರೋ ಅವರಿಗೇ, ರಿಪೇರಿ ಮಾಡಿ, ಇಪ್ಪತ್ತು ವರ್ಷ ಬಳಸಿ, ಹಾರಿಸಿಕೊಂಡೇ ಹೋಗಿ ಉಡುಗೊರೆ!

ರಿಪೇರಿ ಏನು ಕೊಡ್ತು, ಏನು ಕೊಡಲಿಲ್ಲ

ಇಷ್ಟು ಕೇಳಿ ಎದೆ ಉಬ್ಬುತ್ತೆ, ಉಬ್ಬಲಿ. ಆದ್ರೆ ಇತಿಹಾಸ ಹೇಳೋವಾಗ ಲೆಕ್ಕದ ಎರಡೂ ಬದಿ ನೋಡಬೇಕು.

ಕೊಟ್ಟದ್ದು ಏನು? ರಿಪೇರಿ ಮಾಡಿದ ಅದೇ ಕಾರ್ಖಾನೆ 1951ರಲ್ಲಿ ತನ್ನದೇ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ ಮಾಡ್ತು. ವಿನ್ಯಾಸದ ಮುಂದಾಳು ವಿ.ಎಂ. ಘಾಟಗೆ, ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ಕಟ್ಟಿದವರು. ಮೊದಲ ಸಲ ಹಾರಿಸಿದ್ದು ನಮ್ಮ ಜಮ್‌ಶೆಡ್ ಮುನ್ಶಿಯೇ. ಕೆಲಸ ಕಮ್ಮಿ ಇದ್ದ ಕಾಲದಲ್ಲಿ ಇದೇ ಕೈಗಳು ರೈಲ್ವೆ ಬೋಗಿ ಮಾಡಿದ್ವು, ಬಸ್ಸಿನ ಬಾಡಿ ಕಟ್ಟಿದ್ವು. ಆ ಬೋಗಿ ವಿಭಾಗವೇ 1964ರಲ್ಲಿ ಬೇರೆಯಾಗಿ ಬೆಮೆಲ್ ಆಯ್ತು. ಬೆಂಗಳೂರು ಮೆಟ್ರೋದಲ್ಲಿ ಓಡಾಡ್ತೀರಲ್ಲ, ಅದರ ಎಷ್ಟೋ ಬೋಗಿ ಮಾಡಿದ ಕಂಪನಿ.

ಕೊಡದೇ ಇದ್ದದ್ದು? ಎಂಜಿನ್. ಎಂಜಿನ್ ಬಿಚ್ಚಿ ಕಟ್ಟೋದು ಬೇರೆ, ಹೊಸ ಎಂಜಿನ್ ಹುಟ್ಟಿಸೋದು ಬೇರೆ. 1961ರ ಜೂನ್ 17ರಂದು ಬೆಂಗಳೂರಲ್ಲಿ ಮಾರುತ್ ಅನ್ನೋ ಜೆಟ್ ಯುದ್ಧವಿಮಾನ ಹಾರ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಜೊತೆ ನಮ್ಮವರು ಮಾಡಿದ ವಿನ್ಯಾಸ. ಮೈ ಸೊಗಸಾಗಿತ್ತು, ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ ಎಂಜಿನ್ ಹಾಕಿ ತೃಪ್ತಿ ಪಡಬೇಕಾಯ್ತು. ಅಂದುಕೊಂಡ ವೇಗ ಬರಲೇ ಇಲ್ಲ. ಇವತ್ತಿನ ತೇಜಸ್‌ಗೂ ಎಂಜಿನ್ ಅಮೆರಿಕದಿಂದಲೇ ಬರ್ತಿದೆ. ಕಾನ್ಪುರದಿಂದ ಶುರುವಾದ ದಾರಿಯಲ್ಲಿ ಇನ್ನೂ ದಾಟದ ಹಳ್ಳ ಅದು.

ಮತ್ತೆ ನಮ್ಮೂರಿಗೆ

ಯಾಕೆ ಇಷ್ಟೆಲ್ಲ ಹೇಳಿದೆ ಅಂದ್ರೆ, ಕಾರ್ಖಾನೆ ಅನ್ನೋದು ಬರೀ ಶೆಡ್ಡು ಯಂತ್ರ ಅಲ್ಲ. 1943ರಲ್ಲಿ ಅಮೆರಿಕದವರ ಕೆಳಗೆ ಸ್ಪ್ಯಾನರ್ ಹಿಡಿಯೋದು ಕಲಿತ ಹುಡುಗ 1948ರಲ್ಲಿ ದೇಶಕ್ಕೆ ಬೇಕಾದ. ಮಧ್ಯದ ಮೂರು ವರ್ಷ ಕೆಲಸ ಇಲ್ಲ ಅಂತ ಎಲ್ಲರನ್ನೂ ಮನೆಗೆ ಕಳಿಸಿದ್ದಿದ್ರೆ ಕಾನ್ಪುರದ ರಾಶಿ ರಾಶಿಯಾಗೇ ಉಳೀತಿತ್ತು.

ನಮ್ಮ ಭದ್ರಾವತಿ ನೋಡಿ. 2023ರಲ್ಲಿ ಉಕ್ಕಿನ ಕಾರ್ಖಾನೆ ಮುಚ್ತೀವಿ ಅಂತ ಸೈಲ್ ಹೇಳಿದಾಗ ಕಾರ್ಮಿಕರು ರಸ್ತೆಗಿಳಿದ್ರು. ಹೆಚ್ಚಿನವರು ಅದನ್ನ ನೌಕರಿ ವಿಷಯ ಅಂತ ನೋಡಿದ್ರು. ನೌಕರಿ ಹೌದು. ಜೊತೆಗೆ ಒಬ್ಬರಿಂದ ಒಬ್ಬರಿಗೆ ಕೈಯಿಂದ ಕೈಗೆ ಬಂದ ನೂರು ವರ್ಷದ ವಿದ್ಯೆಯ ವಿಷಯವೂ ಹೌದು. ಅದು ಒಂದು ಸಲ ಚದುರಿದ್ರೆ ಟೆಂಡರ್ ಕರೆದು ತರೋಕಾಗಲ್ಲ.

ಇನ್ನೊಂದು ಕಡೆ, ದಾವಣಗೆರೆಯಿಂದ ಬೆಂಗಳೂರಿಗೆ ಹೋಗೋ ದಾರಿಯಲ್ಲೇ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ನಮ್ಮ ಕಡೆ ಐಟಿಐ ಓದೋ ಹುಡುಗ ಹುಡುಗಿಯರಿಗೆ ಅದು ತುಂಬಾ ದೂರವೇನಲ್ಲ. "ಫಿಟ್ಟರ್ ಟ್ರೇಡಾ? ಇಂಜಿನಿಯರಿಂಗ್ ಸೀಟು ಸಿಗಲಿಲ್ವಾ?" ಅಂತ ಮದುವೆ ಮನೆಯಲ್ಲಿ ಯಾರಾದ್ರೂ ಕೇಳಿದ್ರೆ, ಮುಖ ಸಣ್ಣ ಮಾಡ್ಕೋಬೇಡಿ. ಈ ಲಿಬರೇಟರ್ ಕಥೆ ಹೇಳಿ.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಎಚ್‌ಎಎಲ್‌ನಲ್ಲೋ ಭದ್ರಾವತಿ ಕಾರ್ಖಾನೆಯಲ್ಲೋ ಕೆಲಸ ಮಾಡಿದ ಅಜ್ಜ ಇದ್ರೆ, ಈ ವಾರ ಒಂದು ಅರ್ಧ ಗಂಟೆ ಪಕ್ಕದಲ್ಲಿ ಕೂತು ಮಾತಾಡಿಸಿ. ಫೋನಲ್ಲಿ ರೆಕಾರ್ಡ್ ಬಟನ್ ಒತ್ತಿ. ಅವರು ಯಾವ ಯಂತ್ರ ಓಡಿಸ್ತಿದ್ರು, ಯಾರು ಕಲಿಸಿದ್ರು, ಅಷ್ಟು ಕೇಳಿದ್ರೆ ಸಾಕು. ಉಳಿದದ್ದು ಅವರೇ ಹೇಳ್ತಾರೆ.